ಅಂಗಡಿ ಅವರದು, ಬೀದಿ ಯಾರದು?

ಹಬ್ಬ ಹತ್ತಿರ ಬಂತೆಂದರೆ ಪೇಟೆಗೆ ಹೋಗುವ ಪಟ್ಟಿ ಸಿದ್ಧವಾಗುತ್ತದೆ. ಮಕ್ಕಳಿಗೆ ಬಟ್ಟೆ, ಅತ್ತೆಗೆ ಸೀರೆ, ಅಡುಗೆಮನೆಗೆ ಶಾವಿಗೆ, ಸಕ್ಕರೆ, ಖರ್ಜೂರ, ಕೈಗೆ ಬಳೆ. ಆದರೆ ಆ ಪಟ್ಟಿಯಲ್ಲಿ ಬರೆಯದ ಇನ್ನೊಂದು ತಯಾರಿಯೂ ಇದೆ. ಅದು ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತು. ಮನೆಯಿಂದ ಹೊರಡುವ ಎರಡು ತಾಸು ಮೊದಲೇ ನಾವು ನೀರು ಕುಡಿಯುವುದನ್ನು ನಿಲ್ಲಿಸುತ್ತೇವೆ. ಪೇಟೆಯಲ್ಲಿ ನಮಗೆಂದು ಒಂದು ಶೌಚಾಲಯ ಇರುವುದಿಲ್ಲ. ಇದ್ದರೂ ಬೀಗ ಹಾಕಿರುತ್ತದೆ. ಬೀಗ ಇಲ್ಲದಿದ್ದರೆ ಒಳಗೆ ಕಾಲಿಡುವಂತಿರುವುದಿಲ್ಲ.

ಬಟ್ಟೆ ಅಂಗಡಿಯ ಒಳಗೆ ಹೋಗಿ ನೋಡಿ. ಬಿಳಿ ಹಾಸು, ಝಗಝಗಿಸುವ ದೀಪ, ತಿರುಗುವ ಫ್ಯಾನು. "ಬನ್ನಿ ಅಕ್ಕಾ, ಕೂತುಕೊಳ್ಳಿ, ಚಹಾ ತರಿಸಲಾ?" ಎಂಬ ಆದರ. ಖರೀದಿ ಮುಗಿಸಿ ಮೆಟ್ಟಿಲಿಳಿದರೆ ತುಂಬಿ ಹರಿಯುವ ಗಟಾರ, ಕೊಳೆತ ತರಕಾರಿ, ದಾರಿಗೆ ಅಡ್ಡ ನಿಂತ ಬೈಕುಗಳು, ಕೆಟ್ಟುಹೋದ ಬೀದಿದೀಪ. ಅದೇ ಮಾಲೀಕರು ಒಳಗನ್ನು ದಿನಕ್ಕೆರಡು ಸಲ ಒರೆಸುತ್ತಾರೆ, ಹೊರಗನ್ನು ನೋಡಿಯೂ ನೋಡದಂತಿರುತ್ತಾರೆ. ಅವರು ಕೆಟ್ಟವರೆಂದಲ್ಲ. ಅಂಗಡಿ ಅವರದು, ಬೀದಿ ಎಲ್ಲರದು. ಎಲ್ಲರದು ಎಂದರೆ ನಮ್ಮಲ್ಲಿ ಯಾರದೂ ಅಲ್ಲ ಎಂದೇ ಅರ್ಥವಾಗಿಬಿಟ್ಟಿದೆ!

ಪ್ರಿಯ ಸೋದರಿಯರೇ, ಈ ತಿಂಗಳು ಈ ಬೀದಿಯ ವಿಷಯವನ್ನೇ ಮಾತನಾಡೋಣ. ಪೇಟೆ ಗಂಡಸರ ವ್ಯವಹಾರ, ನಮಗೇಕೆ ಎನ್ನಬೇಡಿ. ಅಲ್ಲಿ ದುಡಿಯುವ ಗಂಡ, ಮಗ ಅಥವಾ ಅಣ್ಣ ತರುವ ಹಣದಿಂದಲೇ ನಮ್ಮ ಒಲೆ ಉರಿಯುತ್ತದೆ. ಆ ಹಣ ಮತ್ತೆ ಪೇಟೆಗೆ ಹೋಗುವುದೂ ಹೆಚ್ಚಾಗಿ ನಮ್ಮ ಕೈಯಿಂದಲೇ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೇ ತೆಗೆದುಕೊಳ್ಳಿ. ಜಮಖಂಡಿ ಪಟವರ್ಧನ ಮನೆತನದ ರಾಜಧಾನಿಯಾಗಿತ್ತು, ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ. ಒಂದಕ್ಕೊಂದು ಅಂಟಿಕೊಂಡಿದ್ದರೂ ಎರಡು ರಾಜ್ಯಗಳ ಊರುಗಳು! ಇಂದು ಅವೆರಡಕ್ಕೂ ಒಂದೇ ನಗರಸಭೆ, ಹೆಸರೂ ಜೊತೆಯಾಗಿಯೇ. ಬೀಳಗಿ ತಾಲೂಕಿನ ಹಲವು ಹಳ್ಳಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ, ಜನ ಹೊಸ ನೆಲೆಗಳಲ್ಲಿ ಬಾಳು ಕಟ್ಟಿಕೊಂಡರು. ಹಳ್ಳಿಯ ಕಬ್ಬು, ಜೋಳ, ಬೆಲ್ಲದ ದುಡ್ಡು ಸಂತೆಯ ದಿನ ಈ ಊರುಗಳ ಪೇಟೆಗೇ ಬರುತ್ತದೆ.

ಈ ಪೇಟೆಗಳಲ್ಲಿ ಯಾವ ಸಮುದಾಯವೂ ಒಂಟಿಯಾಗಿ ಬಾಳಿಲ್ಲ. ಹಣ್ಣಿನ ಬುಟ್ಟಿಯ ಹಿಂದೆ ಬಾಗವಾನರು, ಬಳೆ ಮಲಾರದ ಹಿಂದೆ ಮನಿಯಾರರು, ವೀಳ್ಯದೆಲೆಯ ಹಿಂದೆ ತಾಂಬೋಳಿಗಳು, ಸುಗಂಧದ ಬಾಟಲಿಯ ಹಿಂದೆ ಅತ್ತಾರರು. ಪಕ್ಕದಲ್ಲೇ ಲಿಂಗಾಯತರ ಕಿರಾಣಿ, ಮಾರವಾಡಿಗಳ ಜವಳಿ. ರಬಕವಿ-ಬನಹಟ್ಟಿಯ ಸೀರೆಯನ್ನೇ ನೋಡಿ. ನೂಲಿಗೆ ಬಣ್ಣ ಹಾಕುವವರು ಒಬ್ಬರು, ಕಂಡಿಕೆ ಸುತ್ತುವ ಹೆಂಗಸು ಇನ್ನೊಬ್ಬಳು, ಮಗ್ಗದ ಮೇಲೆ ಕುಳಿತವರು ಮತ್ತೊಬ್ಬರು, ಮಾರುವವರು ಮಗದೊಬ್ಬರು. ಹಾಸು ಒಬ್ಬರದು, ಹೊಕ್ಕು ಇನ್ನೊಬ್ಬರದು. ಒಂದು ಎಳೆ ಕಡಿದರೂ ಸೀರೆ ಕೆಡುತ್ತದೆ.

ಎಳೆ ಕಡಿದಾಗ ಏನಾಗುತ್ತದೆಂದು ಈ ಊರುಗಳು ಕಂಡಿವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ಉಕ್ಕಿ ಬಂದು ಮನೆ, ಅಂಗಡಿ, ಮಗ್ಗಗಳಿಗೆ ನೀರು ನುಗ್ಗಿತು. ಮರುವರ್ಷವೇ ಲಾಕ್‌ಡೌನ್. ನೇಯ್ದ ಸೀರೆಗಳು ಮಾರಾಟವಾಗದೆ ಮನೆಗಳಲ್ಲೇ ಗಂಟುಗಂಟಾಗಿ ಉಳಿದವು. ಅದು ಮುಗಿಯುವಷ್ಟರಲ್ಲಿ ಮೊಬೈಲಿನಲ್ಲಿ ಬಟ್ಟೆ ತರಿಸಿಕೊಳ್ಳುವ ರೂಢಿ ಸಣ್ಣ ಊರಿಗೂ ಬಂತು. ಇಂದು ಅಂಗಡಿಯವರಿಗೆ ಎದುರಾಳಿ ಪಕ್ಕದ ಅಂಗಡಿಯವನಲ್ಲ. ಗಿರಾಕಿ ಪೇಟೆಗೇ ಬರದಿದ್ದರೆ ಇಬ್ಬರಿಗೂ ನಷ್ಟ. ಮನೆಯಲ್ಲಿ ಕುಳಿತು ತರಿಸಿಕೊಳ್ಳಬಹುದಾದಾಗ ಗಟಾರ ದಾಟಿ, ದಾಹ ತಡೆದುಕೊಂಡು ಪೇಟೆಗೆ ಯಾರು ಬರುತ್ತಾರೆ, ನೀವೇ ಹೇಳಿ?

ಹಾಗಾದರೆ ದಾರಿ ಏನು? ಅಂಗಡಿಯವರೆಲ್ಲ ಸೇರಿ ತಮ್ಮ ಬೀದಿಯನ್ನು ತಾವೇ ನೋಡಿಕೊಳ್ಳುವುದು. ಕೇಳಲು ಸುಲಭ, ಮಾಡಲು ಕಷ್ಟ. ಕಷ್ಟ ಎಲ್ಲಿದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ.

ಒಂದು ಬೀದಿಯಲ್ಲಿ 60 ಅಂಗಡಿಗಳಿವೆ ಎಂದುಕೊಳ್ಳಿ. ಒಂದೊಂದು ಅಂಗಡಿ ದಿನಕ್ಕೆ 10 ರೂಪಾಯಿ ಕೊಟ್ಟರೆ ತಿಂಗಳಿಗೆ 18,000 ರೂಪಾಯಿ. ಶೌಚಾಲಯವನ್ನು ದಿನವೂ ತೊಳೆಸಲು, ನೀರು ತುಂಬಿಸಲು, ಕಸ ಎತ್ತಿಸಲು ಇದು ಒಳ್ಳೆಯ ಆರಂಭ. ಹತ್ತು ರೂಪಾಯಿ ಯಾರಿಗೂ ಭಾರವಲ್ಲ. ಆದರೆ 20 ಅಂಗಡಿಯವರು ಕೊಡಲಿಲ್ಲ ಎಂದುಕೊಳ್ಳಿ. ಬೀದಿಯ ಸ್ವಚ್ಛತೆ, ಹೆಚ್ಚಿದ ಗಿರಾಕಿ ಅವರಿಗೂ ಸಿಗುತ್ತದೆ. ಬೆಳಕು ಅವರ ಬಾಗಿಲಿಗೆ ಬಂದು ನಿಲ್ಲುವುದಿಲ್ಲ ತಾನೇ? ಎರಡು ತಿಂಗಳಾದ ಮೇಲೆ ಕೊಡುವ 40 ಮಂದಿ ಕೇಳುತ್ತಾರೆ: "ನಾವೇ ಯಾಕೆ ಕೊಡಬೇಕು?" ಮೂರನೇ ತಿಂಗಳಿಗೆ ಶೌಚಾಲಯಕ್ಕೆ ಬೀಗ. ನಮ್ಮ ಊರುಗಳ ಎಷ್ಟೋ ಒಳ್ಳೆಯ ಕೆಲಸಗಳು ಸಾಯುವುದು ಹಣದ ಕೊರತೆಯಿಂದಲ್ಲ, ಈ ಒಂದು ಪ್ರಶ್ನೆಯಿಂದ.

ಈ ತೊಡಕನ್ನು ಕೆನಡಾ ದೇಶದ ಟೊರೊಂಟೊ ನಗರದ ಅಂಗಡಿಕಾರರು ಬಿಡಿಸಿದ ಕಥೆ ತಿಳಿಯಬೇಕಾದದ್ದು. ಅಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಪೇಟೆ ಬೀದಿಯಿದೆ. 1960ರ ದಶಕದಲ್ಲಿ ನೆಲದಡಿಯ ರೈಲು ಬಂದು, ಬೀದಿಯಲ್ಲಿ ಹಾದುಹೋಗುತ್ತಿದ್ದ ಜನ ಕೆಳಗಿಳಿದರು. ದೊಡ್ಡ ಮಾಲ್‌ಗಳು ಎದ್ದು ಉಳಿದ ಗಿರಾಕಿಗಳನ್ನೂ ಸೆಳೆದವು. ಬೀದಿಯ ಸಣ್ಣ ವ್ಯಾಪಾರಿಗಳು ಸ್ವಂತ ಇಚ್ಛೆಯ ವಂತಿಗೆಯಿಂದ ಕೆಲಸ ನಡೆಯದು ಎಂದು ಕಂಡುಕೊಂಡರು. ಬೀದಿಯ ಪ್ರತಿ ಅಂಗಡಿಯೂ ತನ್ನ ಪಾಲು ಕೊಡಲೇಬೇಕು, ಅದನ್ನು ನಗರಾಡಳಿತವೇ ತೆರಿಗೆಯ ಜೊತೆ ವಸೂಲು ಮಾಡಿ ಬೀದಿಯವರ ಸಮಿತಿಗೆ ಹಿಂದಿರುಗಿಸಬೇಕು ಎಂಬ ವ್ಯವಸ್ಥೆ 1970ರಲ್ಲಿ ಕಾನೂನಿನ ಬಲದಿಂದ ಜಾರಿಗೆ ಬಂತು. ಆ ಹಣದಿಂದ ದೀಪ ಹಾಕಿಸಿದರು, ಗಿಡ ನೆಟ್ಟರು, ನಡೆದು ದಣಿದವರು ಕೂರಲು ಬೆಂಚು ಇಟ್ಟರು. ಜಗತ್ತಿನಲ್ಲಿ ಇಂಥ ಮೊದಲ ವ್ಯವಸ್ಥೆ ಅದೇ. ಇಂದು ಅನೇಕ ದೇಶಗಳಲ್ಲಿ ಇಂಥ ಪೇಟೆಗಳಿವೆ.

"ಅದು ಕೆನಡಾ, ನಮ್ಮ ಜಮಖಂಡಿಯಲ್ಲಿ ಆಗುವ ಮಾತೇ?" ಎಂದು ಕೇಳುವವರಿಗೆ ಜಮಖಂಡಿ ತಾಲೂಕೇ ಉತ್ತರ ಕೊಟ್ಟಿದೆ. ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ ಒಂದು ಬ್ಯಾರೇಜ್ ಇದೆ. ಅದನ್ನು ಸರಕಾರ ಕಟ್ಟಿದ್ದಲ್ಲ. ಕಣ್ಣೆದುರೇ ಹರಿದುಹೋಗುವ ನೀರಿಗೆ ಕಾದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಬೆವರು ಸುರಿಸಿ 1989ರಲ್ಲಿ ಕಟ್ಟಿ ಮುಗಿಸಿದರು. ಅದರ ಹೆಸರೂ 'ಶ್ರಮಬಿಂದು ಸಾಗರ'. ಜನ ನ್ಯಾಮಗೌಡರನ್ನು 'ಬ್ಯಾರೇಜ್ ಸಿದ್ದು' ಎಂದೇ ಕರೆದರು, 1991ರಲ್ಲಿ ಲೋಕಸಭೆಗೂ ಕಳಿಸಿದರು. 2018ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರು. ನದಿಯ ನೀರು ಕೂಡ ಬೀದಿಯ ಬೆಳಕಿನಂತೆಯೇ. ನಿಲ್ಲಿಸಿದ ನೀರು ಹಣ ಕೊಟ್ಟವನ ಹೊಲ, ಕೊಡದವನ ಹೊಲ ಎಂದು ನೋಡುವುದಿಲ್ಲ. ಆದರೂ ಅವರು ಕೈಕಟ್ಟಿ ಕೂರಲಿಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು. ನದಿಗೆ ಅಡ್ಡ ಗೋಡೆ ಕಟ್ಟಿದವರ ನಾಡಿನಲ್ಲಿ ಗಟಾರಕ್ಕೆ ಮುಚ್ಚಳ ಹಾಕಿಸುವುದು ಕಷ್ಟವೇ?

ಆದರೆ ಒಂದು ಎಚ್ಚರಿಕೆ ಬೇಕು. ಪೇಟೆ ಸುಧಾರಣೆ ಎಂದ ಕೂಡಲೇ ಅನೇಕರ ಕಣ್ಣು ಮೊದಲು ಬೀಳುವುದು ತಳ್ಳುಗಾಡಿಯವರ ಮೇಲೆ. "ಇವರನ್ನು ಎಬ್ಬಿಸಿದರೆ ಬೀದಿ ಅಗಲವಾಗುತ್ತದೆ" ಎನ್ನುತ್ತಾರೆ. ಹಣ್ಣು, ಸೊಪ್ಪು, ಬಳೆ ಮಾರುವವರಲ್ಲಿ ಎಷ್ಟು ಮಂದಿ ವಿಧವೆಯರು, ಎಷ್ಟು ಮಂದಿ ಮಕ್ಕಳನ್ನು ಓದಿಸುವ ತಾಯಂದಿರು! ಬಡವರ ಬುಟ್ಟಿ ಎತ್ತಿ ಮಾಡಿದ ಅಂದ ಅಂದವೇ ಅಲ್ಲ. ಗಿರಾಕಿಯೂ ಅವರಿಲ್ಲದ ಪೇಟೆಗೆ ಬರುವುದಿಲ್ಲ, ಏಕೆಂದರೆ ಸೀರೆ ವರ್ಷಕ್ಕೆರಡು ಸಲ, ಕೊತ್ತಂಬರಿ ದಿನವೂ ಬೇಕು.

ಈ ವಿಷಯದಲ್ಲಿ ಕಾನೂನೂ ಅವರ ಜೊತೆಗಿದೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇಕಡಾ 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ವಿಕಲಚೇತನರಿಗೂ ಪ್ರಾತಿನಿಧ್ಯ ಕೊಡಬೇಕು. ಅಂಗಡಿಕಾರರ ಸಂಘಕ್ಕೂ ಅದೇ ಸಮಿತಿಯಲ್ಲಿ ಜಾಗವಿದೆ. ಸಮೀಕ್ಷೆ ಮುಗಿದು ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಅಂದರೆ ಅಂಗಡಿಯವರು ಮತ್ತು ಗಾಡಿಯವರು ಒಂದೇ ಜಮಖಾನೆಯ ಮೇಲೆ ಕುಳಿತು ಮಾತನಾಡಬೇಕು ಎಂದೇ ಕಾಯ್ದೆ ಬಯಸುತ್ತದೆ. ನಿಮ್ಮ ಊರಿನಲ್ಲಿ ಈ ಸಮಿತಿಯ ಸಭೆ ಕೊನೆಯ ಸಲ ಯಾವಾಗ ನಡೆಯಿತು? ಕೇಳಿ ನೋಡಿ.

ಇನ್ನೊಂದು ಮಾತು. 2022ರಲ್ಲಿ ಕರ್ನಾಟಕದ ಕೆಲವೆಡೆ ಜಾತ್ರೆಗಳಲ್ಲಿ ಮುಸ್ಲಿಮರ ಅಂಗಡಿಗೆ ಅವಕಾಶ ಬೇಡ ಎಂಬ ಕೂಗು ಎದ್ದದ್ದನ್ನು ಮರೆತಿಲ್ಲ. ಅಂಥ ಕೂಗಿಗೆ ಭಾಷಣದ ಉತ್ತರಕ್ಕಿಂತ ಗಟ್ಟಿಯಾದ ಉತ್ತರ ಒಂದಿದೆ. ಒಂದೇ ಗಟಾರ ಸ್ವಚ್ಛ ಮಾಡಿಸಲು ಜೊತೆಯಾಗಿ ಹಣ ಹಾಕಿದವರು, ಒಂದೇ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿದವರು ಒಬ್ಬರನ್ನೊಬ್ಬರು ಸುಲಭವಾಗಿ ಹೊರಗೆ ಹಾಕುವುದಿಲ್ಲ. ದೂರದಿಂದ ನೋಡಿದರೆ ಅವರು 'ಬೇರೆಯವರು'. ಪ್ರತಿ ತಿಂಗಳು ಎದುರು ಕುಳಿತು ಲೆಕ್ಕ ನೋಡಿದರೆ ಅವರು 'ನಮ್ಮ ಸಾಲಿನ ಅಂಗಡಿಯವರು'.

ಇದರಲ್ಲಿ ನಮ್ಮ ಪಾತ್ರವೇನು? ಬಹಳ ಇದೆ. ಮೊದಲನೆಯದು, ಕೇಳುವುದು. ಮುಂದಿನ ಸಲ ಬಟ್ಟೆ ಖರೀದಿಸಿ ಹಣ ಕೊಡುವಾಗ, "ಭಾಯಿ, ಈ ಸಾಲಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ?" ಎಂದು ಸಂಕೋಚವಿಲ್ಲದೆ ಕೇಳಿ. ಒಬ್ಬಳು ಕೇಳಿದರೆ ನಗಬಹುದು. ದಿನಕ್ಕೆ ಹತ್ತು ಮಂದಿ ಕೇಳಿದರೆ ಅಂಗಡಿಯವರು ಸಭೆ ಸೇರುತ್ತಾರೆ. ಗಿರಾಕಿಯ ಮಾತಿಗೆ ಇರುವ ಬಲ ಅರ್ಜಿಗೂ ಇಲ್ಲ.

ಎರಡನೆಯದು, ಮನೆಯಲ್ಲಿ ಮಾತನಾಡುವುದು. ಗಂಡನೋ ಮಗನೋ ಅಂಗಡಿ ಇಟ್ಟಿದ್ದರೆ ಊಟದ ಹೊತ್ತಿಗೆ ವಿಷಯ ತೆಗೆಯಿರಿ. "ಎಲ್ಲರೂ ಕೊಡಲಿ, ಆಮೇಲೆ ನೋಡೋಣ" ಎಂದರೆ, ಎಲ್ಲರೂ ಹಾಗೆಯೇ ಅನ್ನುತ್ತಿದ್ದಾರೆ ಎಂದು ನೆನಪಿಸಿ. ಮೊದಲ ಹತ್ತು ರೂಪಾಯಿ ಇಟ್ಟವರ ಮಾತಿಗೇ ಬೀದಿಯಲ್ಲಿ ತೂಕ.

ಮೂರನೆಯದು, ಲೆಕ್ಕದ ಶಿಸ್ತು. ನಮ್ಮ ಅನೇಕ ಸೋದರಿಯರು ಸ್ವಸಹಾಯ ಸಂಘಗಳಲ್ಲಿ ವಾರವಾರ ಹಣ ಕೂಡಿಸಿ, ಪೈಸೆ ಪೈಸೆಗೂ ಪುಸ್ತಕ ಬರೆದು ಅನುಭವ ಪಡೆದಿದ್ದಾರೆ. ಈ ಅನುಭವ ಪೇಟೆಯ ಸಂಘಕ್ಕೂ ಬೇಕು. ಹೊಲಿಗೆ ಅಂಗಡಿ, ಬ್ಯೂಟಿ ಪಾರ್ಲರ್, ರೊಟ್ಟಿ ಕೇಂದ್ರ ನಡೆಸುವ ಹೆಣ್ಣುಮಕ್ಕಳೂ ಈಗ ವ್ಯಾಪಾರಿಗಳೇ. ಸಂಘದ ಸಭೆಗೆ ಅವರನ್ನೂ ಕರೆಯಬೇಕು. ತಿಂಗಳ ಜಮಾ-ಖರ್ಚನ್ನು ಬೀದಿಯ ಒಂದು ಗೋಡೆಗೆ ಎಲ್ಲರಿಗೂ ಕಾಣುವಂತೆ ಅಂಟಿಸಿದರೆ ಅರ್ಧ ಅನುಮಾನ ಅಲ್ಲೇ ಸಾಯುತ್ತದೆ.

ಹಾಗೆಂದು ನಗರಸಭೆಯ ಹೊಣೆಯನ್ನು ಅಂಗಡಿಯವರೇ ಹೊರಬೇಕು ಎಂದಲ್ಲ. ತೆರಿಗೆ ಕಟ್ಟುವವರಿಗೆ ಕೇಳುವ ಹಕ್ಕು ಇದ್ದೇ ಇದೆ. ಆದರೆ ಒಬ್ಬೊಬ್ಬರಾಗಿ ಹೋದರೆ "ನಾಳೆ ಬನ್ನಿ" ಎಂಬ ಉತ್ತರ ಸಿಗುತ್ತದೆ. ಇಡೀ ಬೀದಿಯ ಸಂಘ ತನ್ನ ಪಾಲಿನ ಕೆಲಸ ಮಾಡಿ ತೋರಿಸಿ, "ನಿಮ್ಮ ಪಾಲು ಎಲ್ಲಿ?" ಎಂದು ಕೇಳಿದರೆ ಆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ.

ಎಲ್ಲವನ್ನೂ ಒಮ್ಮೆಲೇ ಮಾಡಬೇಕಿಲ್ಲ. ಮೊದಲು ಒಂದು ಬೀದಿ, ಒಂದು ಕೆಲಸ. ನನ್ನನ್ನು ಕೇಳಿದರೆ ಶೌಚಾಲಯದಿಂದಲೇ ಶುರುವಾಗಲಿ ಎನ್ನುತ್ತೇನೆ. ಬಸುರಿ ಹೆಣ್ಣುಮಗಳು, ಸಕ್ಕರೆ ಕಾಯಿಲೆಯ ಅಜ್ಜಿ, ದಿನವಿಡೀ ಕೌಂಟರಿನ ಹಿಂದೆ ನಿಲ್ಲುವ ಹುಡುಗಿ, ಬೆಳಗಿನಿಂದ ಬುಟ್ಟಿಯ ಮುಂದೆ ಕುಳಿತ ತಾಯಿ ನಿರಾಳವಾಗಿ ಇರಬಲ್ಲ ಪೇಟೆಯೇ ಒಳ್ಳೆಯ ಪೇಟೆ. ದೀಪ, ಬಣ್ಣ, ಬೋರ್ಡುಗಳೆಲ್ಲ ಆಮೇಲೆ ಬರಲಿ.