ನಿಯತ್ತು ಅಂದ್ರೆ ಒನ್‌ವೇ ರಸ್ತೆನಾ?

ಆಟಗಾರ ಕ್ಲಬ್ ಬಿಟ್ಟರೆ ದ್ರೋಹ. ಕ್ಲಬ್ಬೇ ಅವನನ್ನು ಹೊರಗೆ ಹಾಕಿದರೆ 'ಆಡಳಿತ ಮಂಡಳಿಯ ನಿರ್ಧಾರ'. ಈ ಲೆಕ್ಕ ನನ್ನ ತಲೆಗೆ ಇವತ್ತಿಗೂ ಹೋಗಿಲ್ಲ.

ರಾನ್ ಬರಾಸಿ ಅಂತ ಒಬ್ಬರಿದ್ದರು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ದಂತಕಥೆ, 2023ರಲ್ಲಿ ತೀರಿಕೊಂಡರು. (ನಮಗೆ ಕ್ರಿಕೆಟ್ಟಿನಿಂದ ಗೊತ್ತಿರುವ ಎಂಸಿಜಿ ಇದೆಯಲ್ಲ, ಚಳಿಗಾಲದಲ್ಲಿ ಅಲ್ಲಿ ನಡೆಯೋದು ಈ ಆಟವೇ.) ಮೆಲ್ಬರ್ನ್ ಕ್ಲಬ್ಬಿಗೆ ಆಡುತ್ತಿದ್ದ ಅಪ್ಪ 1941ರಲ್ಲಿ ಟೊಬ್ರುಕ್ ಯುದ್ಧದಲ್ಲಿ ಸತ್ತಾಗ ಹುಡುಗನಿಗೆ ಐದು ವರ್ಷ. ಮುಂದೆ ಅವನನ್ನು ಮನೆಯಲ್ಲಿಟ್ಟುಕೊಂಡವರು ಅಪ್ಪನ ಜೊತೆ ಆಡಿದ್ದ ನಾರ್ಮ್ ಸ್ಮಿತ್, ಅದೇ ಕ್ಲಬ್ಬಿನ ಕೋಚ್. ಆ ಗುರು-ಶಿಷ್ಯರು ಸೇರಿ 1955ರಿಂದ 1964ರೊಳಗೆ ಆರು ಚಾಂಪಿಯನ್‌ಶಿಪ್ ಗೆದ್ದರು. ಆರು!

ಆಮೇಲೆ ಬರಾಸಿ ಕಾರ್ಲ್‌ಟನ್‌ಗೆ ಹೋದರು, ಆಡುವ ಕೋಚ್ ಆಗಿ. 28 ವಯಸ್ಸು, ಕೋಚ್ ಆಗುವ ಆಸೆ, ದೊಡ್ಡ ಸಂಬಳ. ಊರೆಲ್ಲ ಹುಯಿಲು. ಅಭಿಮಾನಿಗಳ ಸಂಕಟ ನನಗೆ ಅರ್ಥವಾಗುತ್ತೆ, ಅದು ಸುಳ್ಳಲ್ಲ. ಆದರೆ 'ದುಡ್ಡಿಗೆ ಮಾರಿಕೊಂಡ' ಅಂತ ಈಗಲೂ ಹೇಳ್ತಾರಲ್ಲ, ಅವರು ಮುಂದಿನ ವರ್ಷ ಏನಾಯ್ತು ಅಂತ ನೋಡಲಿ.

1965ರ ಜುಲೈನಲ್ಲಿ, ಸೀಸನ್ ಇನ್ನೂ ನಡೆಯುತ್ತಿರುವಾಗಲೇ, ಅದೇ ಮೆಲ್ಬರ್ನ್ ಕ್ಲಬ್ಬು ನಾರ್ಮ್ ಸ್ಮಿತ್‌ರನ್ನು ಕಿತ್ತುಹಾಕಿತು. ಆರು ಕಪ್ ತಂದುಕೊಟ್ಟ ಮನುಷ್ಯನನ್ನು ಸ್ವಾಮಿ! ಗಲಾಟೆಯಾದ ಮೇಲೆ ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು, ಆದರೆ ಒಡೆದದ್ದು ಕೂಡಲಿಲ್ಲ. ಆ ಕ್ಲಬ್ಬಿಗೆ ಮುಂದಿನ ಕಪ್ ಸಿಕ್ಕಿದ್ದು 2021ರಲ್ಲಿ. ಆ 57 ವರ್ಷದ ಬರಗಾಲವನ್ನು ಅಲ್ಲಿನ ಜನ 'ನಾರ್ಮ್ ಸ್ಮಿತ್ ಶಾಪ' ಅಂತಲೇ ಕರೆದರು. ಬರಾಸಿ ಶಾಪ ಅನ್ನಲಿಲ್ಲ, ಗಮನಿಸಿ.

ಹೋದವರು ಸುಮ್ಮನೆ ಸಂಬಳ ಎಣಿಸುತ್ತಾ ಕೂರಲಿಲ್ಲ. 1947ರಿಂದ ಕಪ್ ಕಾಣದಿದ್ದ ಕಾರ್ಲ್‌ಟನ್ 1968ರಲ್ಲಿ ಗೆದ್ದಿತು. 1970ರ ಫೈನಲ್‌ನಲ್ಲಿ 1,21,696 ಜನರ ಮುಂದೆ ಅರ್ಧ ಆಟಕ್ಕೆ ಕಾಲಿಂಗ್‌ವುಡ್‌ಗಿಂತ 44 ಪಾಯಿಂಟ್ ಹಿಂದೆ. ಬರಾಸಿ ಹೇಳಿದ್ದು, ಚೆಂಡನ್ನು ಸುಮ್ಮನೆ ಉದ್ದಕ್ಕೆ ಒದೀಬೇಡಿ, ಮುಷ್ಟಿಯಿಂದ ಗುದ್ದಿ ಪಕ್ಕದವನಿಗೆ ಕೊಟ್ಟು ಓಡಿ ಅಂತ. 10 ಪಾಯಿಂಟಿನಿಂದ ಗೆದ್ದರು! ಮುಂದೆ ನಾರ್ತ್ ಮೆಲ್ಬರ್ನ್‌ಗೆ ಅದರ ಮೊಟ್ಟಮೊದಲ ಕಪ್ಪು 1975ರಲ್ಲಿ, ಇನ್ನೊಂದು 1977ರಲ್ಲಿ.

1981ರಲ್ಲಿ ಅವರನ್ನು ಕೋಚ್ ಆಗಿ ವಾಪಸ್ ಕರೆಸಿಕೊಂಡದ್ದು ಯಾರು ಗೊತ್ತಾ? ಅದೇ ಮೆಲ್ಬರ್ನ್ :-) ಆ ವರ್ಷ 22 ಪಂದ್ಯದಲ್ಲಿ ಗೆಲುವು ಒಂದೇ ಒಂದು. ಆದರೂ 1985ರವರೆಗೆ ಬಿಡಲಿಲ್ಲ. ಅವರ ಕಾಲದಲ್ಲೇ ಐರ್ಲೆಂಡಿನಿಂದ ಬಂದ ಜಿಮ್ ಸ್ಟೈನ್ಸ್ 1991ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದ. ದ್ರೋಹಿ ಅನ್ನುವವರು ಈ ಐದು ವರ್ಷವನ್ನು ಯಾವ ಖಾತೆಗೆ ಬರ್ಕೋತಾರೆ?