ನೂರೈವತ್ತು ರೂಪಾಯಿಯ ಮೀನಿಗೂ ಮುಪ್ಪು ಬರುತ್ತದೆ

ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುವುದು ಮೊಬೈಲ್ ಅಲ್ಲ, ಕಿಟಕಿ ಪಕ್ಕದ ಗಾಜಿನ ತೊಟ್ಟಿ. ನೀಲ್ಯಾ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಖಾತ್ರಿಯಾದ ಮೇಲೆಯೇ ಚಹಾ. ನೀಲ್ಯಾ ಒಂದು ಬೆಟ್ಟಾ ಮೀನು. ಅಂಗಡಿಗಳಲ್ಲಿ ಇದಕ್ಕೆ 'ಫೈಟರ್' ಎನ್ನುತ್ತಾರೆ. ಒಂದು ಕಾಲಕ್ಕೆ ಕನ್ನಡಿ ತೋರಿಸಿದರೆ ಕಿವಿರು ಅರಳಿಸಿ ಯುದ್ಧಕ್ಕೆ ನಿಲ್ಲುತ್ತಿದ್ದ. ಈಗ ನೀಲಿ ಬಣ್ಣ ಮಾಸಿದೆ, ಒಂದು ಕಣ್ಣಿಗೆ ಬಿಳಿ ಪೊರೆ ಬಂದಿದೆ, ಬಾಲದ ಅಂಚು ಹರಿದಿದೆ. ದಿನದ ಹೆಚ್ಚು ಹೊತ್ತು ತಳದಲ್ಲಿ ಮಗ್ಗುಲಾಗಿ ಮಲಗಿರುತ್ತಾನೆ.

ಮೂರು ವರ್ಷದ ಹಿಂದೆ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಗ ಅವನನ್ನು ತಂದಿದ್ದೆವು. ಒಂದೇ ರೂಮಿನಲ್ಲಿ ನಾವು ನಾಲ್ವರು: ನಾನು ಹಾನಗಲ್ಲಿನವನು, ಉಳಿದವರು ಶಿಗ್ಗಾವಿ, ಸವಣೂರು, ಹಿರೇಕೆರೂರಿನವರು. ಓದಿ ಓದಿ ಬೇಸರವಾಗಿದ್ದ ಒಂದು ಸಂಜೆ ದುಡ್ಡು ಕೂಡಿಸಿ 150 ರೂಪಾಯಿ ಕೊಟ್ಟೆವು. 'ಫಿಲ್ಟರ್ ಬ್ಯಾಡ, ಏನೂ ಬ್ಯಾಡ. ಗ್ಲಾಸಿನ್ಯಾಗ ಇಟ್ರೂ ಬದುಕತೈತಿ' ಎಂದ ಅಂಗಡಿಯವ. ನಾವೂ ನಂಬಿ ಉಪ್ಪಿನಕಾಯಿ ಭರಣಿಯಲ್ಲಿ ಆರು ತಿಂಗಳು ಇಟ್ಟೆವು.

ಆ ಮಾತು ಅರ್ಧ ಸತ್ಯ. ಬೆಟ್ಟಾ ಮೀನಿನ ತಲೆಯಲ್ಲಿ ಗಾಳಿಯಿಂದಲೇ ಆಮ್ಲಜನಕ ಹೀರುವ ಅಂಗವೊಂದಿದೆ. ಅದಕ್ಕೇ ಕೊಳಕು ನೀರಿನಲ್ಲೂ ಮೇಲೆ ಬಂದು ಗಾಳಿ ನುಂಗಿ ಜೀವ ಹಿಡಿದಿರುತ್ತದೆ. ಆದರೆ ಸಾಯದೆ ಇರುವುದು ಬೇರೆ, ಬದುಕುವುದು ಬೇರೆ. ಮೀನಿನ ಹೊಲಸು ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ದೊಡ್ಡ ತೊಟ್ಟಿಯ ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಆ ವಿಷವನ್ನು ಕಡಿಮೆ ಅಪಾಯದ ರೂಪಕ್ಕೆ ತರುತ್ತವೆ. ಭರಣಿಯಲ್ಲಿ ಆ ವ್ಯವಸ್ಥೆಯೇ ಇಲ್ಲ. ಇದರ ಮೂಲ ನೆಲೆ ಥಾಯ್ಲೆಂಡಿನ ಸುತ್ತಲಿನ ಬೆಚ್ಚನೆಯ ಗದ್ದೆ, ಜೌಗುಗಳು. ಆ ದೇಶ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿದೆ. ಅಂಥದ್ದನ್ನು ನಾವು ಪೆನ್ ಸ್ಟ್ಯಾಂಡಿನ ಪಕ್ಕ ಶೋಪೀಸ್ ಮಾಡಿದ್ದೆವು.

ಒಂದು ವಿಷಯ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳನ್ನು ನಾವು ನಾಲ್ವರೂ ಬಾಯಿಪಾಠ ಮಾಡಿದ್ದೆವು. ಜೀವಿಗಳ ಬಗ್ಗೆ ಅನುಕಂಪ ಇರಬೇಕು ಎಂಬುದು ಅದರಲ್ಲೇ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಯಾವ ಜೀವಿಯಾದರೂ 'ಪ್ರಾಣಿ'ಯೇ. ಮೀನೂ ಅದರಲ್ಲಿ ಬರುತ್ತದೆ. ಇದನ್ನೆಲ್ಲ ನಾವು ಜೋರಾಗಿ ಓದುವಾಗ ನೀಲ್ಯಾ ಅದೇ ಮೇಜಿನ ಮೇಲೆ, ಹಳದಿಯಾದ ನೀರಿನಲ್ಲಿ ಸುತ್ತುತ್ತಿದ್ದ. ನಮಗೆ ಅಂಕ ಬೇಕಿತ್ತು, ಅರ್ಥ ಬೇಕಿರಲಿಲ್ಲ.

ಆಮೇಲೆ ತಿಳಿದುಕೊಂಡು 20 ಲೀಟರಿನ ತೊಟ್ಟಿ ತಂದೆವು. ಇಬ್ಬರಿಗೆ ನೌಕರಿಯಾಯಿತು, ಒಬ್ಬ ಊರಿಗೆ ಹೋಗಿ ಹೊಲ ನೋಡಿಕೊಂಡ. ರೂಮ್ ಖಾಲಿಯಾದಾಗ ನೀಲ್ಯಾನನ್ನು ಬಾಟಲಿಯಲ್ಲಿ ಹಾಕಿ ತೊಡೆ ಮೇಲಿಟ್ಟುಕೊಂಡು ನಾನು ಹಾನಗಲ್ಲಿನ ಬಸ್ ಹತ್ತಿದೆ.

ಕಳೆದ ಡಿಸೆಂಬರಿನ ಚಳಿಯಲ್ಲಿ ಅವನು ತೇಲಲಾಗದೆ ಒದ್ದಾಡತೊಡಗಿದ. ಯಾರನ್ನು ಕೇಳುವುದು? ಪಶು ಆಸ್ಪತ್ರೆಯಲ್ಲಿ ಎತ್ತು, ಎಮ್ಮೆ, ಕುರಿಗಳನ್ನು ನೋಡಲೇ ವೈದ್ಯರಿಗೆ ಪುರುಸೊತ್ತಿಲ್ಲ. ಅಕ್ವೇರಿಯಂ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, ಮನುಷ್ಯರ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಸುರಿಯಲು ಹೇಳಿದರು. ರೋಗ ಯಾವುದೆಂದು ತಿಳಿಯದೆ ಹಾಗೆ ಮಾಡಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯಬಹುದು. ಅಷ್ಟಕ್ಕೂ ಅವನ ಮುಖ್ಯ ಕಾಯಿಲೆ ಮುಪ್ಪು. ಬೆಟ್ಟಾ ಬದುಕುವುದೇ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ಮುಪ್ಪಿಗೆ ಗುಳಿಗೆ ಇಲ್ಲ, ಆರೈಕೆ ಇದೆ.

ಆ ಆರೈಕೆ ದೊಡ್ಡ ಖರ್ಚಿನದಲ್ಲ. ಗಾಳಿಗಾಗಿ ಮೇಲೆ ಬರಲು ಕಷ್ಟವಾಗಬಾರದೆಂದು ನೀರಿನ ಮಟ್ಟವನ್ನು ಒಂದು ಗೇಣಿಗಿಂತ ಕಡಿಮೆ ಮಾಡಿದೆ. ಮೇಲ್ಭಾಗದಲ್ಲಿ ಒರಗಿಕೊಳ್ಳಲು ಅಗಲ ಎಲೆಯ ಜಲಸಸ್ಯ ಇಟ್ಟೆ. ಫಿಲ್ಟರಿನ ರಭಸ ತಗ್ಗಿಸಿದೆ. ನೀರು 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಲೆಂದು ಸಣ್ಣ ಹೀಟರ್ ತಂದೆ. ಕರೆಂಟ್ ಹೋದ ರಾತ್ರಿ ತೊಟ್ಟಿಗೆ ಕೌದಿ ಸುತ್ತುತ್ತೇನೆ. ಕಾಳುಗಳನ್ನು ನೆನೆಸಿ, ಎರಡೆರಡೇ ಹಾಕುತ್ತೇನೆ. ವಾರಕ್ಕೊಂದು ದಿನ ಉಪವಾಸ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು, ಅದೂ ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟ ನಲ್ಲಿ ನೀರು. ಶಾಲೆಯ ಅಂಗಳದಲ್ಲಿ ಬೀಳುವ ಕಾಡು ಬಾದಾಮಿಯ ಒಣ ಎಲೆಯೊಂದನ್ನು ತೊಳೆದು ಹಾಕುತ್ತೇನೆ. ಆಗ್ನೇಯ ಏಷ್ಯಾದ ಬೆಟ್ಟಾ ಸಾಕಣೆದಾರರು ಇದನ್ನು ಮೊದಲಿನಿಂದಲೂ ಬಳಸುತ್ತಾರೆ. ಇದರಿಂದ ಅವನು ಮತ್ತೆ ಹರೆಯದವನಾಗಲಿಲ್ಲ. ಆದರೆ ಒದ್ದಾಟ ನಿಂತಿತು.

'ಒಂದು ಮೀನಿನ ಸಲುವಾಗಿ ಇಷ್ಟ್ಯಾಕ ಒದ್ದಾಡತಿಯೋ ತಮ್ಮಾ? ಆನಿಕೆರಿಗೆ ಬಿಟ್ಟು ಬಾ, ಪುಣ್ಯರೆ ಬರತೈತಿ' ಎಂದಳು ಅವ್ವ. ಅವಳದು ಕರುಣೆಯ ಮಾತೇ. ಆದರೆ ತೊಟ್ಟಿಯಲ್ಲೇ ಬೆಳೆದ ಮುದಿ ಮೀನು ಕೆರೆಯಲ್ಲಿ ಉಳಿಯುವುದಿಲ್ಲ; ಅದರ ರೋಗ ಕೆರೆಯ ಮೀನುಗಳಿಗೆ ಹರಡಬಹುದು. ಹೊರಗಿನ ಮೀನು ಕೆರೆ ಸೇರಿದರೆ ಏನಾಗುತ್ತದೆ ಎಂಬುದನ್ನು ಆಫ್ರಿಕನ್ ಕ್ಯಾಟ್‌ಫಿಶ್ ತೋರಿಸಿಕೊಟ್ಟಿದೆ. ನಾಡ ಮೀನುಗಳನ್ನು ತಿಂದು ಮುಗಿಸುವ ಅದರ ಸಾಕಣೆಯನ್ನೇ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಕೈ ತೊಳೆದುಕೊಳ್ಳುವುದನ್ನು ಪುಣ್ಯ ಎನ್ನಲಾಗದು.

ಹಾಗೆ ನೋಡಿದರೆ ಮುಪ್ಪನ್ನು ಗೌರವಿಸುವುದು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಿಲ್ಲ. ಹಬ್ಬದಲ್ಲಿ ಹೆಸರು ಮಾಡಿದ ಕೊಬ್ಬರಿ ಹೋರಿ ಸತ್ತರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಕೊಡುವವರು ನಾವು. 2023ರ ಮಳೆಗಾಲದಲ್ಲಿ ಸವಣೂರಿನ ದೊಡ್ಡಹುಣಸೆ ಮಠದ ಪುರಾತನ ಮರ ಉರುಳಿದಾಗ, 'ಹಳೇ ಮರ, ಹೋಯ್ತು' ಎಂದು ಕಡಿದು ಸಾಗಿಸಲಿಲ್ಲ. ಮತ್ತೆ ಎತ್ತಿ ನಿಲ್ಲಿಸಿದರು. ಹೋರಿ ಊರಿಗೆ ಕೀರ್ತಿ ತಂದಿತ್ತು, ಮರಕ್ಕೆ ಚರಿತ್ರೆ ಇತ್ತು. ಮೀನಿಗೆ ಇವೆರಡೂ ಇಲ್ಲ, ಕೂಗಲು ದನಿಯೂ ಇಲ್ಲ. 'ಸತ್ರ ಇನ್ನೊಂದು ತಂದ್ರಾತು' ಎಂದು ಹೇಳುವಷ್ಟು ಅಗ್ಗ ಅದು. ನಮ್ಮ ದಯೆಯ ಪರೀಕ್ಷೆ ನಡೆಯಬೇಕಿರುವುದು ಅಲ್ಲಿಯೇ.

ಆದ್ದರಿಂದ ನನ್ನ ಓರಗೆಯವರಲ್ಲಿ ಕೆಲವು ವಿನಂತಿ. ಹುಟ್ಟುಹಬ್ಬಕ್ಕೆ ಜೀವಂತ ಮೀನನ್ನು ಉಡುಗೊರೆ ಕೊಡಬೇಡಿ. ಪಡೆದವರಿಗೆ ಸಾಕುವ ಮನಸ್ಸಿದೆಯೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ. ನೀವೇ ಕೊಳ್ಳುವುದಾದರೆ ಮೀನಿಗಿಂತ ಮೊದಲು ತೊಟ್ಟಿ, ಫಿಲ್ಟರ್ ಕೊಳ್ಳಿ. ರೂಮ್ ಬಿಡುವಾಗ, ಊರಿಗೆ ಹೋಗುವಾಗ ಯಾರು ನೋಡುತ್ತಾರೆ ಎಂದು ಮೊದಲೇ ತೀರ್ಮಾನಿಸಿ. ಮಾರುವವರೂ ಅದರ ಆಯುಷ್ಯ, ಬೇಕಾದ ನೀರು ಎಷ್ಟು ಎಂದು ಎರಡು ಸಾಲು ಬರೆದು ಕೊಡಲಿ. ಪಿಯುಸಿ ವಿಜ್ಞಾನ ಓದುತ್ತಿರುವ ತಮ್ಮ, ತಂಗಿಯರಿಗೆ ಇನ್ನೊಂದು ಮಾತು: ಮಂಗಳೂರಿನಲ್ಲಿ 1969ರಿಂದಲೂ ಮೀನುಗಾರಿಕೆ ಕಾಲೇಜು ಇದೆ. ನಾಲ್ಕು ವರ್ಷದ ಆ ಪದವಿಯಲ್ಲಿ ಮೀನಿನ ರೋಗಗಳ ಪಾಠವೂ ಇದೆ. ನಮ್ಮ ತಾಲ್ಲೂಕುಗಳ ಕೆರೆಗಳಲ್ಲಿ ಮೀನು ಸಾಕುವವರಿಗೂ ಅಂಥ ತಿಳಿವಳಿಕೆ ಬೇಕಾಗಿದೆ.

ನನಗಿನ್ನೂ ನೌಕರಿ ಸಿಕ್ಕಿಲ್ಲ. ಮೂರು ವರ್ಷ ನನಗೆ ಮೂರು ಪರೀಕ್ಷೆ. ನೀಲ್ಯಾಗೆ ಅದೇ ಹೆಚ್ಚುಕಡಿಮೆ ಪೂರ್ತಿ ಆಯುಷ್ಯ. ಫಲಿತಾಂಶದ ಪಟ್ಟಿಯಲ್ಲಿ ಹೆಸರಿಲ್ಲದ ದಿನವೂ ನೀರು ಬದಲಿಸಬೇಕಿತ್ತು, ಕಾಳು ನೆನೆಸಬೇಕಿತ್ತು. ಯಾರಿಗೂ ಬೇಡವಾಗಿದ್ದೇನೆ ಅನ್ನಿಸಿದ ದಿನಗಳಲ್ಲಿ ಆ ಕೆಲಸವೇ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದೆ. ಅವನು ಹೆಚ್ಚು ದಿನ ಇರಲಾರ ಎಂದು ಗೊತ್ತು. ಇರುವಷ್ಟು ದಿನ ನೀರು ತಿಳಿಯಾಗಿರಲಿ.

ನಿನ್ನೆ ನಾನು ಗ್ರಂಥಾಲಯದಿಂದ ತಡವಾಗಿ ಬಂದೆ. ತೊಟ್ಟಿಗೆ ಆಗಲೇ ಕೌದಿ ಸುತ್ತಿತ್ತು. 'ಕರೆಂಟ್ ಹೋಗಿತ್ತಪಾ' ಎಂದಳು ಅವ್ವ, ಒಲೆ ಕಡೆಗೆ ತಿರುಗಿ.