ಸೆಲ್ಬೋರ್ನಿನ ಎರಡು ಮರಗಳು

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ನೈಋತ್ಯಕ್ಕೆ ಹೊರಟ ರೈಲು ಸುಮಾರು ಒಂದೂಕಾಲು ಗಂಟೆಯಲ್ಲಿ ಆಲ್ಟನ್ ಎಂಬ ಪೇಟೆಯನ್ನು ಮುಟ್ಟಿ ಅಲ್ಲಿಗೇ ನಿಂತುಬಿಡುತ್ತದೆ. ಹಳಿಗಳೇನೋ ಮುಂದುವರಿಯುತ್ತವೆ, ಆದರೆ ಅವುಗಳ ಮೇಲೆ ಓಡುವುದು ಹಳೆಯ ಕಾಲದ ಮೋಹವನ್ನು ಬಿಡಲಾರದ ಉತ್ಸಾಹಿಗಳು ಕಾಪಾಡಿಕೊಂಡು ಬಂದ ಉಗಿಬಂಡಿ. ಸೆಲ್ಬೋರ್ನ್ ಗ್ರಾಮಕ್ಕೆ ಹೋಗುವವರಿಗೆ ಅದರ ಹಂಗಿಲ್ಲ. ನಿಲ್ದಾಣದಿಂದಲೇ ಕಾಲುದಾರಿಯೊಂದು ತೊಡಗುತ್ತದೆ. ‘ಹ್ಯಾಂಗರ್ಸ್ ವೇ’ ಎಂದು ಅದರ ಹೆಸರು. ಒಟ್ಟು ಉದ್ದ 21 ಮೈಲಿ. ಸೆಲ್ಬೋರ್ನ್ ಸಿಕ್ಕುವುದು ಅದರ ಮೊದಲ ಭಾಗದಲ್ಲಿಯೇ, ಅರ್ಧ ದಿನದ ನಡಿಗೆಯೊಳಗೆ.

ಹೊಲ ಒಬ್ಬನದು, ದಾರಿ ಎಲ್ಲರದು ಎಂಬುದು ಆ ದೇಶದ ಹಳೆಯ ಏರ್ಪಾಡು. ಗೋಧಿಯ ಪೈರಿನ ನಡುವೆಯೇ ಪರಸ್ಥಳದವನೊಬ್ಬ ನಿರಾತಂಕವಾಗಿ ನಡೆದು ಹೋಗಬಹುದು, ಯಜಮಾನನು ತಡೆಯುವಂತಿಲ್ಲ. ಕಂಬದ ಮೇಲೆ ಹಳದಿ ಬಾಣವಿದ್ದರೆ ಅದು ಕಾಲ್ನಡಿಗೆಯವರಿಗೆ ಮಾತ್ರ. ನೀಲಿ ಬಾಣವಿದ್ದರೆ ಕುದುರೆ ಸವಾರರಿಗೂ ಸಲ್ಲುತ್ತದೆ. 1968ರ ಶಾಸನದಿಂದೀಚೆಗೆ ಸೈಕಲ್ಲಿನವರಿಗೂ ಸಲ್ಲುತ್ತದೆ. ನಕ್ಷೆಗೆ ಏರದೆ ಉಳಿದ ಪುರಾತನ ದಾರಿಗಳ ಹಕ್ಕು 2026ಕ್ಕೆ ಅಳಿಯಬೇಕೆಂದು 2000ದ ಕಾಯಿದೆಯೊಂದು ಗಡುವು ಹಾಕಿತ್ತು. ಗಡುವು 2031ಕ್ಕೆ ಸರಿಯಿತು. 2024ರ ಕೊನೆಯಲ್ಲಿ ಅದನ್ನು ತೆಗೆದೇ ಹಾಕುವುದಾಗಿ ಸರ್ಕಾರ ಸಾರಿತು. ನೂರಾರು ವರ್ಷ ಜನರ ಕಾಲು ಬರೆದ ಗೆರೆಯನ್ನು ಒಂದು ತಾರೀಖಿನಿಂದ ಅಳಿಸಬಹುದೆಂದು ಭಾವಿಸಿದವರ ಧೈರ್ಯ ಮೆಚ್ಚತಕ್ಕದ್ದೇ!

ಸೆಲ್ಬೋರ್ನಿನ ಸುತ್ತಿನ ಓಣಿಗಳಂತೂ ಈ ಗೆರೆಗಳಲ್ಲಿ ಅತಿ ಆಳವಾದವು. ಮೆದುವಾದ ಕಲ್ಲಿನ ನೆಲ. ಬಂಡಿಯ ಚಕ್ರ ಒಂದು ಕಡೆ, ಮಳೆಯ ನೀರು ಮತ್ತೊಂದು ಕಡೆ ಶತಮಾನಗಳಿಂದ ಕೊರೆದು, ದಾರಿಯು ಪಕ್ಕದ ಹೊಲಗಳಿಗಿಂತ ಹದಿನಾರು ಹದಿನೆಂಟು ಅಡಿ ತಗ್ಗಿಗೆ ಇಳಿದಿತ್ತೆಂದು ಹದಿನೆಂಟನೆಯ ಶತಮಾನದಲ್ಲಿಯೇ ಲೆಕ್ಕ ದೊರೆಯುತ್ತದೆ. ಎರಡು ಬದಿಯಲ್ಲಿಯೂ ಬರಿಯ ಬೇರುಗಳ ಹೆಣಿಗೆ. ಮೇಲೆ ಕೊಂಬೆಗಳ ಚಪ್ಪರ. ಮಧ್ಯಾಹ್ನದಲ್ಲಿಯೂ ಅಲ್ಲಿ ಮಬ್ಬು ಬೆಳಕು. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಓಣಿಗಳಲ್ಲಿ ನಡೆದವರಿಗೆ ಆ ಕೆಸರಿನ ಪರಿಚಯ ಹೊಸದಾಗಲಾರದು.

ಈ ಲೆಕ್ಕವನ್ನು ಬರೆದಿಟ್ಟವನು ಗಿಲ್ಬರ್ಟ್ ವೈಟ್. ಹುಟ್ಟಿದ್ದು 1720ರಲ್ಲಿ, ಆ ಊರಿನ ಪಾದ್ರಿಯಾಗಿದ್ದ ಅಜ್ಜನ ಮನೆಯಲ್ಲಿ. ಮೊಮ್ಮಗನೂ ದೀಕ್ಷೆ ಪಡೆದ ಪಾದ್ರಿಯೇ. ಆದರೆ ಸೆಲ್ಬೋರ್ನಿನ ಪೂರ್ಣ ಪಾದ್ರಿ ಪದವಿ ಅವನಿಗೆ ಎಂದೂ ದೊರೆಯಲಿಲ್ಲ. ಆ ಪದವಿಯನ್ನು ಕೊಡುವ ಅಧಿಕಾರ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನದು. ವೈಟ್ ಓರಿಯಲ್ ಕಾಲೇಜಿನವನು. ಬೇರೆ ಊರಿಗೆ ಹೋಗಿದ್ದರೆ ಬಡ್ತಿ ಸಿಕ್ಕುತ್ತಿತ್ತೋ ಏನೋ. ಆತ ಹೋಗಲಿಲ್ಲ, ಸಹಾಯಕ ಪಾದ್ರಿಯಾಗಿಯೇ ಉಳಿದು, ತನ್ನ ಗ್ರಾಮದ ಸೀಮೆಯನ್ನು ನಡೆನಡೆದು ನೋಡಿ, ಇಬ್ಬರು ವಿದ್ವಾಂಸ ಮಿತ್ರರಿಗೆ ಕಾಗದ ಬರೆಯುತ್ತ ಬಂದ. ಆ ಕಾಗದಗಳೇ 1789ರಲ್ಲಿ ‘ಸೆಲ್ಬೋರ್ನಿನ ನಿಸರ್ಗೇತಿಹಾಸ’ವೆಂಬ ಗ್ರಂಥವಾದವು. ಅಂದಿನಿಂದ ಇಂದಿನವರೆಗೆ ಅದು ಅಚ್ಚಿನಲ್ಲಿ ಇಲ್ಲದ ಕಾಲವಿಲ್ಲವೆಂದೇ ಹೇಳುತ್ತಾರೆ.

ಊರೆಂದರೆ ಮುಕ್ಕಾಲು ಮೈಲಿ ಉದ್ದದ ಒಂದೇ ಬೀದಿ. ಅದರ ಹಿಂದೆ ಸೀಮೆಸುಣ್ಣದ ಬಿಳಿಗಲ್ಲಿನ ಗುಡ್ಡ ಮುನ್ನೂರು ಅಡಿ ಎದ್ದು ನಿಂತಿದೆ. ಅದರ ಮೈತುಂಬ ಬೀಚ್ ಮರಗಳು. ಇಳಿಜಾರಿಗೆ ತೂಗುಬಿದ್ದಂತಿರುವ ಇಂತಹ ಕಾಡಿಗೆ ಆ ಸೀಮೆಯಲ್ಲಿ ‘ಹ್ಯಾಂಗರ್’ ಎಂದು ಹೆಸರು. ಏರು ಕಡಿದಾದುದರಿಂದ 1753ರಲ್ಲಿ ವೈಟ್ ಮತ್ತು ಅವನ ತಮ್ಮ ಜಾನ್ ಸೇರಿ ಹಾವಿನಂತೆ ಹೊರಳುವ ದಾರಿಯೊಂದನ್ನು ಕಡಿಸಿದರು. ‘ಜಿಗ್‌ಜ್ಯಾಗ್’ ಎಂಬ ಆ ದಾರಿಯಲ್ಲಿಯೇ ಇಂದಿಗೂ ಜನ ಹತ್ತುತ್ತಾರೆ. ಸೈಕಲ್ಲನ್ನು ಕೆಳಗೆ ಬಿಟ್ಟು ಹತ್ತುವುದು ವಿವೇಕ. ಮೇಲಿನಿಂದ ನೋಡಿದರೆ ಚರ್ಚಿನ ಗಿಡ್ಡ ಗೋಪುರ, ಹೆಂಚಿನ ಮಾಡುಗಳು, ಆಚೆಗೆ ಮಸುಕಾಗುತ್ತ ಹೋಗುವ ಹೊಲಗಳು.

ಚರ್ಚಿನ ಮುಂದೆ ‘ಪ್ಲೆಸ್ಟರ್’ ಎಂಬ ಚೌಕದ ಬಯಲಿದೆ. ಅಲ್ಲಿ ಹಿಂದೆ ಮಹಾ ಓಕ್ ಮರವೊಂದಿತ್ತು. ಅದರ ಸುತ್ತ ಕಲ್ಲಿನ ಮೆಟ್ಟಿಲು, ಮೇಲೆ ಕೂರುವ ಜಗಲಿ. ಬೇಸಗೆಯ ಸಂಜೆ ಮುದುಕರು ಹರಟುತ್ತಿದ್ದರು, ಎಳೆಯರು ಕುಣಿಯುತ್ತಿದ್ದರು. ಅಶ್ವತ್ಥಕಟ್ಟೆಯನ್ನು ಕಂಡ ಯಾರಿಗಾದರೂ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. 1703ರ ಭಯಂಕರ ಬಿರುಗಾಳಿ ಅದನ್ನು ಬುಡಸಮೇತ ಕೆಡವಿತು. ವೈಟನ ಅಜ್ಜ ಆಗ ಊರಿನ ಪಾದ್ರಿ. ಆತ ಹಲವು ಪೌಂಡುಗಳನ್ನು ಖರ್ಚುಮಾಡಿ, ಬಿದ್ದ ಮರವನ್ನು ಮತ್ತೆ ಎತ್ತಿ ಅದೇ ಗುಂಡಿಯಲ್ಲಿ ನಿಲ್ಲಿಸಿದ. ಮರ ಕೆಲಕಾಲ ಚಿಗುರಿತು. ಆಮೇಲೆ ಬಾಡಿ ಸತ್ತಿತು.

ಚರ್ಚಿನ ಅಂಗಳದಲ್ಲಿ ಇನ್ನೊಂದು ಮರವಿತ್ತು: ಯೂ ಎಂಬ ನಿತ್ಯಹಸುರಿನ ಪ್ರಾಚೀನ ವೃಕ್ಷ. ವೈಟ್ ಅಳೆದಾಗ ಅದರ ಸುತ್ತಳತೆ 23 ಅಡಿ. ಚರ್ಚಿಗಿಂತಲೂ ಮರವೇ ಹಳೆಯದೆಂದು ಊರವರ ನಂಬಿಕೆ. 1990ರ ಜನವರಿ 25ರಂದು ಎದ್ದ ಬಿರುಗಾಳಿ ಅದನ್ನೂ ಉರುಳಿಸಿತು. ಬೇರು ಕಿತ್ತೆದ್ದ ಗುಂಡಿಯಲ್ಲಿ, ಮಧ್ಯಯುಗದಲ್ಲಿ ಹೂತ ಊರವರ ಅಸ್ಥಿಗಳು ಕಾಣಿಸಿಕೊಂಡವು. ಆಗಲೂ ಊರು ಸುಮ್ಮನಿರಲಿಲ್ಲ. ಕೊಂಬೆಗಳನ್ನು ಸವರಿ, ಯಂತ್ರಗಳ ನೆರವಿನಿಂದ ಕಾಂಡವನ್ನು ಎತ್ತಿ ಮತ್ತೆ ನೆಟ್ಟರು. ಅಜ್ಜನ ಕಥೆ ಗ್ರಂಥದಲ್ಲಿಯೇ ಇದೆ. ಅದನ್ನು ಓದದವರು ಆ ಊರಿನಲ್ಲಿ ಎಷ್ಟು ಮಂದಿ ಇದ್ದಾರು? ಫಲ ಹೇಗಾದೀತೆಂದು ತಿಳಿದೇ ನೆಟ್ಟಿರಬೇಕು. ಮರ ಕೆಲಕಾಲ ಚಿಗುರಿತು. ಆಮೇಲೆ ಅದೂ ಸತ್ತಿತು. ಬೊಡ್ಡೆ ಈಗಲೂ ಅಲ್ಲಿಯೇ ನಿಂತಿದೆ. ಅದರ ಕೊಂಬೆಯಿಂದ ತೆಗೆದ ಸಸಿಯೊಂದು ಅದೇ ಅಂಗಳದಲ್ಲಿ ಬೆಳೆಯುತ್ತಿದೆ.

ಈ ಶಾಂತವಾದ ಊರು ಯಾವಾಗಲೂ ಶಾಂತವಾಗಿತ್ತೆಂದು ತಿಳಿಯಬಾರದು. 1830ರ ನವೆಂಬರಿನಲ್ಲಿ ಹಸಿದ ಕೂಲಿಗಾರರು ಕಹಳೆ ಊದಿ ಗುಂಪುಗೂಡಿ, ಚರ್ಚಿಗೆ ಸಲ್ಲುವ ದಶಾಂಶ ತೆರಿಗೆಯನ್ನು ಇಳಿಸುವಂತೆ ಪಾದ್ರಿಯನ್ನು ಒತ್ತಾಯಿಸಿದರು. ಬಡವರನ್ನು ದುಡಿಸುವ ಅನಾಥಾಲಯದ ಮೇಲೆ ಬಿದ್ದು ಅದನ್ನು ಹಾಳುಗೆಡವಿದರು. ಹಲವರಿಗೆ ಆಸ್ಟ್ರೇಲಿಯಕ್ಕೆ ಗಡಿಪಾರಿನ ಶಿಕ್ಷೆಯಾಯಿತು. ಕಹಳೆ ಊದಿದವನ ಸಮಾಧಿ ಯೂ ಮರದ ನೆರಳಿನಲ್ಲಿತ್ತೆಂದು ಊರಿನ ವಾಡಿಕೆ. ವೈಟನ ಸಮಾಧಿಯನ್ನು ಹುಡುಕುವುದೂ ಸುಲಭವಲ್ಲ. ಚರ್ಚಿನ ಉತ್ತರಕ್ಕೆ ಹುಲ್ಲಿನ ನಡುವೆ ಒಂದು ಗಿಡ್ಡ ಕಲ್ಲು. ಅದರ ಮೇಲೆ ‘ಜಿ. ಡಬ್ಲ್ಯು.’ ಎಂಬ ಎರಡಕ್ಷರ, 1793ರ ಜೂನ್ 26 ಎಂಬ ತಾರೀಖು. ಮತ್ತೇನೂ ಇಲ್ಲ. ಒಳಗಿನ ಬಣ್ಣದ ಗಾಜಿನ ಕಿಟಕಿಯಲ್ಲಾದರೋ, ಅವನು ಬಣ್ಣಿಸಿದ ಹಕ್ಕಿಗಳೆಲ್ಲ ಸಂತ ಫ್ರಾನ್ಸಿಸನ ಸುತ್ತ ಸಭೆ ಸೇರಿವೆ.

ಬೀದಿಯ ಆಚೆ ಬದಿಗೆ ‘ದಿ ವೇಕ್ಸ್’, ಅವನ ಮನೆ. 1955ರಿಂದ ಅದು ಸಾರ್ವಜನಿಕರಿಗೆ ತೆರೆದಿರುವ ವಸ್ತುಸಂಗ್ರಹಾಲಯ. ತೋಟದ ತುದಿಯಲ್ಲಿ ಭವ್ಯವಾದ ಹರ್ಕ್ಯುಲಿಸ್ ವಿಗ್ರಹ ಕಾಣುತ್ತದೆ. ಹತ್ತಿರ ಹೋದರೆ ಬಣ್ಣ ಬಳಿದ ಹಲಗೆ! ಸಣ್ಣ ವರಮಾನದ ಪಾದ್ರಿಗೆ ಅಮೃತಶಿಲೆ ಎಲ್ಲಿಂದ ಬರಬೇಕು? ಈ ತೋಟದಲ್ಲಿಯೇ ಅವನು ಅತ್ತೆಯಿಂದ ಬಂದ ಟಿಮೊಥಿ ಎಂಬ ಆಮೆಯನ್ನು ಸಾಕಿದ್ದು; ಅದನ್ನು ಅಂಗಡಿಯ ತಕ್ಕಡಿಗೆ ಒಯ್ದು ತೂಗಿಸಿದ್ದು; ಜೇನುಹುಳುಗಳಿಗೆ ಕಿವಿ ಕೇಳಿಸುವುದೇ ಎಂದು ತಿಳಿಯಲು ಗೂಡಿನ ಮುಂದೆ ತುತ್ತೂರಿಯಂತಹ ಕೊಳವೆ ಹಿಡಿದು ಕೂಗಿದ್ದು. ಹುಳುಗಳು ಲಕ್ಷ್ಯವಿಡಲಿಲ್ಲ. ನೆರೆಯವರು ಏನೆಂದುಕೊಂಡರೋ! ಟಿಮೊಥಿ ಗಂಡಲ್ಲ, ಹೆಣ್ಣು ಎಂಬುದು ಅದು ಸತ್ತ ಮೇಲೆ ತಿಳಿಯಿತು. ಇಂತಹ ಕುತೂಹಲದಿಂದಲೇ, ರೂಪದಲ್ಲಿ ಒಂದೇ ಎನಿಸುತ್ತಿದ್ದ ಮೂರು ಪುಟ್ಟ ಉಲಿಹಕ್ಕಿಗಳನ್ನು ಅವುಗಳ ಹಾಡಿನಿಂದ ಬೇರ್ಪಡಿಸಿದವನು ಅವನು. ಎರಡು ಸೇರಿದರೂ ಒಂದು ಅರ್ಧ ಪೆನ್ನಿ ನಾಣ್ಯದಷ್ಟೇ ತೂಗುವ ಗದ್ದೆಯ ಇಲಿಯನ್ನು ಗುರುತಿಸಿದವನೂ ಅವನೇ.

ಸಮಯವುಳ್ಳವರು ಚರ್ಚಿನ ಹಿಂದಿನ ಹುಲ್ಲುಗಾವಲಿನಿಂದಿಳಿದು, ತೊರೆಯ ಮಗ್ಗುಲಲ್ಲಿ ‘ಲಿತ್’ ಎಂಬ ಇಳಿಜಾರಿನ ಕಾಡುಗಳನ್ನು ದಾಟಿದರೆ, 1233ರಲ್ಲಿ ಸ್ಥಾಪನೆಯಾದ ಮಠದ ನೆಲೆ ಸಿಕ್ಕುತ್ತದೆ. ನೋಡಲು ಈಗ ಅದು ಬರಿಯ ಹೊಲಮನೆ. ದಕ್ಷಿಣದ ನೋರ್ ಹಿಲ್ ಹೆಚ್ಚು ಲಾಭದಾಯಕ: ಮಧ್ಯಯುಗದಲ್ಲಿ ಸುಣ್ಣಕಲ್ಲು ತೋಡಿದ ಹಳ್ಳಗಳಲ್ಲಿ ಈಗ ಆರ್ಕಿಡ್ ಹೂಗಳೂ ಅಪರೂಪದ ಚಿಟ್ಟೆಗಳೂ ನೆಲೆಸಿವೆ. ಹಿಂದಿರುಗುವಾಗ ಸೈಕಲ್ಲಿನವರು ಚಾಟನ್ ಗ್ರಾಮವನ್ನು ಹಾದು ಬರಬಹುದು. ಜೇನ್ ಆಸ್ಟಿನ್ 1809ರಿಂದ 1817ರವರೆಗೆ ವಾಸಿಸಿದ ಇಟ್ಟಿಗೆಯ ಮನೆ ಅಲ್ಲಿದೆ.

ಆದರೆ ಮೇ ತಿಂಗಳಿನಿಂದ ಜುಲೈವರೆಗಿನ ಕಾಲವಾದರೆ ಸಂಜೆಯ ತನಕ ಪ್ಲೆಸ್ಟರ್ ಬಯಲಿನಲ್ಲಿಯೇ ಕಾದಿರುವುದು ಮೇಲು. ‘ಸ್ವಿಫ್ಟ್’ ಎಂಬ, ಕುಡುಗೋಲಿನಂತೆ ಬಾಗಿದ ರೆಕ್ಕೆಯ ಕರಿಯ ಬಾನಾಡಿಗಳು ಆಫ್ರಿಕದಿಂದ ಬಂದು ಚರ್ಚಿನಲ್ಲಿಯೂ ಮನೆಗಳ ಮಾಡಿನ ಸಂದುಗಳಲ್ಲಿಯೂ ಗೂಡು ಮಾಡುತ್ತವೆ. ವರ್ಷವರ್ಷವೂ ಎಣಿಸಿ ವೈಟ್ ಕಂಡ ಲೆಕ್ಕ ಎಂಟು ಜೋಡಿ. 1980ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಎಣಿಸಿದಾಗ ಹನ್ನೆರಡು ಜೋಡಿ ಸಿಕ್ಕಿದವು. ಆಮೇಲೆ ದೇಶದಲ್ಲೆಲ್ಲ ಅವುಗಳ ಸಂಖ್ಯೆ ಕುಸಿಯುತ್ತ ಬಂದು, 2021ರಲ್ಲಿ ಬ್ರಿಟನ್ನಿನ ಅಪಾಯದ ಕೆಂಪುಪಟ್ಟಿಗೆ ಈ ಹಕ್ಕಿಯ ಹೆಸರು ಏರಿತು. ಹಳೆಯ ಮನೆಗಳನ್ನು ದುರಸ್ತಿ ಮಾಡುವವರು ಮಾಡಿನ ಸಂದುಗಳನ್ನು ಮುಚ್ಚಿಬಿಡುವುದೂ ಇದಕ್ಕೆ ಒಂದು ಕಾರಣ. ಎಣಿಸಲು ವಿದ್ಯೆ ಬೇಕಿಲ್ಲ. ಹೊತ್ತು ಮುಳುಗುವ ಮುನ್ನ ಅವು ಕಿರುಚುತ್ತ ಗೋಪುರವನ್ನು ಸುತ್ತುವಾಗ ತಲೆಯೆತ್ತಿ ನಿಂತರೆ ಸಾಕು. ಆಲ್ಟನ್ನಿಗೆ ಹಿಂದಿರುಗಲು ಆ ದೇಶದ ಬೇಸಗೆಯಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ.